ಸಿಮ್ಯುಲೇಶನ್ ಸಿದ್ಧಾಂತದ ಮೇಲೆ ವಿಡಿಯೊ ಗೇಮ್: ‘ಎಲ್ಲವೂ ಸುಳ್ಳು’ ಎಂಬ ತಿರುವನ್ನು ಬಿಟ್ಟು ಬೇರೇನು ಕಟ್ಟಬಹುದು?

ಪ್ರಶ್ನೆ: ಪಡುಗಾಳಿ, ಮಣಿಪಾಲ

ನಮಸ್ಕಾರ. ನಾವು ಮೂವರು ಗೆಳೆಯರು ಒಂದು ವರ್ಷದಿಂದ, ಕೆಲಸ ಮುಗಿದ ಮೇಲಿನ ರಾತ್ರಿಗಳಲ್ಲಿ, ಒಂದು ಸಣ್ಣ ವಿಡಿಯೊ ಗೇಮ್ ಕಟ್ಟುತ್ತಿದ್ದೇವೆ. ನಾವು ಬದುಕುತ್ತಿರುವ ಲೋಕವೇ ಯಾರೋ ನಡೆಸುತ್ತಿರುವ ಕಂಪ್ಯೂಟರ್ ಲೆಕ್ಕಾಚಾರವಾಗಿರಬಹುದೇ ಎಂಬ ವಿಚಾರ ಅದರ ತಿರುಳು. ತತ್ತ್ವಶಾಸ್ತ್ರಜ್ಞ ನಿಕ್ ಬೋಸ್ಟ್ರಮ್ 2003ರಲ್ಲಿ ಮಂಡಿಸಿದ ವಾದವನ್ನು ಇಲ್ಲಿ ಹಲವರು ಬಲ್ಲಿರಿ. ಮನಸ್ಸುಳ್ಳ ಜೀವಿಗಳ ಲೋಕವನ್ನು ಯಂತ್ರದಲ್ಲಿ ನಡೆಸಬಲ್ಲ ಮಟ್ಟ ಮುಟ್ಟುವ ಮೊದಲೇ ಬಹುತೇಕ ನಾಗರಿಕತೆಗಳು ಅಳಿದುಹೋಗುತ್ತವೆ, ಇಲ್ಲವೇ ಮುಟ್ಟಿದವರು ಅಂಥ ಲೋಕಗಳನ್ನು ನಡೆಸಲು ಮನಸ್ಸು ಮಾಡುವುದಿಲ್ಲ, ಇಲ್ಲವೇ ನಾವು ಅಂಥದೊಂದು ಲೋಕದ ಒಳಗೇ ಇರುವುದು ಬಹುಮಟ್ಟಿಗೆ ಖಚಿತ. ಈ ಮೂರರಲ್ಲಿ ಒಂದಾದರೂ ನಿಜವಾಗಿರಲೇಬೇಕು ಎಂಬುದು ಆ ವಾದ.

ನಮ್ಮ ಆಟ ನಡೆಯುವುದು ಮಲ್ಪೆಯನ್ನು ಹೋಲುವ ಬಂದರಿನಲ್ಲಿ. ಆಡುವವರು ಮೀನು ಮಾರುವ ಹೆಂಗಸಾಗಿ ಬೆಳಗಿನ ಜಾವ ಬೋಟುಗಳು ಬಂದು ನಿಲ್ಲುವ ಧಕ್ಕೆಗೆ ಹೋಗಿ, ಏಲಂನಲ್ಲಿ ಬಂಗುಡೆ, ಬೂತಾಯಿ ಹಿಡಿದು, ಬುಟ್ಟಿ ಹೊತ್ತು ಮನೆಮನೆಗೆ ಹೋಗುತ್ತಾರೆ. ಕೊನೆಯ ಅಧ್ಯಾಯದಲ್ಲಿ ಬೋಟಿನಲ್ಲಿ ದೂರ ಹೋದಾಗ ಸಮುದ್ರ ಒಂದು ಗೆರೆಯಲ್ಲಿ ನಿಂತುಹೋಗುತ್ತದೆ. ಇದೆಲ್ಲವೂ ಲೆಕ್ಕಾಚಾರವೆಂದು ತಿಳಿದು ಆಟ ಮುಗಿಯುತ್ತದೆ. ಬರೆಯುವಾಗ ಇದು ನಮಗೆ ಬಹಳ ಹಿಡಿಸಿತ್ತು.

ಕಳೆದ ತಿಂಗಳು ಒಂಬತ್ತನೇ ತರಗತಿಯಲ್ಲಿ ಓದುವ ನನ್ನ ಅಕ್ಕನ ಮಗಳು ಎರಡು ಗಂಟೆ ಕೂತು ಅದನ್ನು ಆಡಿದಳು. ಆಟದಲ್ಲಿ ಒಬ್ಬ ಅಜ್ಜಿ ಇದ್ದಾರೆ. ದಿನವೂ ನಾಲ್ಕು ಬಂಗುಡೆ ತೆಗೆದುಕೊಂಡು, ಹಣ ಆಮೇಲೆ ಕೊಡುತ್ತೇನೆ ಎನ್ನುತ್ತಾರೆ. ನಾವು ಯಾರೂ ಹೇಳದಿದ್ದರೂ ಹುಡುಗಿ ಆ ಬಾಕಿಯನ್ನು ತನ್ನ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆಯುತ್ತಾ ಬಂದಿದ್ದಳು. ಕೊನೆಯ ದೃಶ್ಯ ಬಂದಾಗ ಅವಳು ಸಮುದ್ರವನ್ನು ನೋಡಲೇ ಇಲ್ಲ. ಹಾಳೆಯ ಮೇಲೆ ಬೆರಳಿಟ್ಟು, “ಮಾಮ, ಹಾಗಾದರೆ ಅಜ್ಜಿಯ ಬಾಕಿ ಏನಾಯಿತು?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಎರಡು ಗಂಟೆಗಳ ಅವಳ ಶ್ರದ್ಧೆಯನ್ನು ನಾವು ಒಂದು ತಿರುವಿಗಾಗಿ ಖರ್ಚು ಮಾಡಿಬಿಟ್ಟೆವು ಎಂಬ ನೋವು ಇನ್ನೂ ಇದೆ.

ಲೋಕ ಲೆಕ್ಕಾಚಾರವೆಂದು ತಿಳಿದ ಮೇಲೂ ಆ ಬಾಕಿಗೆ ಬೆಲೆ ಉಳಿಯುವಂಥ, ವಿಚಾರವು ಕಥೆಯ ಕೊನೆಗೆ ಅಂಟಿಸಿದಂತಿರದೆ ಆಟದ ನಿಯಮದಲ್ಲಿಯೇ ಇರುವಂಥ ಕಲ್ಪನೆಗಳು ನಿಮ್ಮಲ್ಲಿದ್ದರೆ ದಯವಿಟ್ಟು ಹಂಚಿಕೊಳ್ಳಿ.

ಉತ್ತರ 1: ಕಡಲಹಾದಿ, ಸುರತ್ಕಲ್

ನಿಮ್ಮ ಸೋದರಸೊಸೆ ಕೇಳಿದ ಪ್ರಶ್ನೆಗೆ ತಂತ್ರಾಂಶದೊಳಗೇ ಉತ್ತರವಿದೆ ಎಂದು ನನಗೆ ತೋರುತ್ತದೆ. ಆದುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

1984ರಲ್ಲಿ ಬಂದ ‘ಎಲೈಟ್’ ಎಂಬ ಆಟ 32 ಕಿಲೋಬೈಟ್ ಮೆಮೊರಿಯ ಬಿಬಿಸಿ ಮೈಕ್ರೊ ಯಂತ್ರದಲ್ಲಿ ಎಂಟು ಗ್ಯಾಲಕ್ಸಿಗಳನ್ನು, ಒಂದೊಂದರಲ್ಲಿ 256 ಗ್ರಹಗಳನ್ನು ತೋರಿಸುತ್ತಿತ್ತು. ಆ ಗ್ರಹಗಳ ವಿವರವನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಒಂದು ಬೀಜಸಂಖ್ಯೆಯಿಂದ ಬೇಕಾದಾಗ ಲೆಕ್ಕ ಹಾಕಿ ಹುಟ್ಟಿಸುತ್ತಿದ್ದರು. 2016ರ ‘ನೋ ಮ್ಯಾನ್ಸ್ ಸ್ಕೈ’ ಅದೇ ದಾರಿಯಲ್ಲಿ 2ರ 64ನೇ ಘಾತದಷ್ಟು, ಅಂದರೆ 18ರ ಮುಂದೆ ಹದಿನೆಂಟು ಸೊನ್ನೆ ಇಟ್ಟದ್ದಕ್ಕಿಂತಲೂ ಹೆಚ್ಚು ಗ್ರಹಗಳಿಗೆ ಜಾಗ ಮಾಡಿತು. ನೀವು ಒಂದು ಗ್ರಹವನ್ನು ಬಿಟ್ಟು ಹೊರಟರೆ ಅದು ಮೆಮೊರಿಯಿಂದ ಅಳಿಯುತ್ತದೆ, ಮರಳಿ ಬಂದರೆ ಅದೇ ಬೆಟ್ಟ, ಅದೇ ಕಣಿವೆ ಬೀಜದಿಂದ ಮತ್ತೆ ಮೂಡುತ್ತದೆ. ಆದರೆ ನೀವು ಅಲ್ಲಿ ಕಟ್ಟಿದ ಗೋಡೆ ಬೀಜದಿಂದ ಮೂಡುವುದಿಲ್ಲ. ಅದನ್ನು ಸೇವ್ ಕಡತದಲ್ಲಿ ಪ್ರತ್ಯೇಕವಾಗಿ ಬರೆದಿಡಲೇಬೇಕು.

ಇದನ್ನೇ ಆಟದ ನಿಯಮವಾಗಿಸಿ. ಬಂದರು, ಮನೆಗಳು, ಅಜ್ಜಿಯ ಮುಖ, ಅಂಗಳದ ತುಳಸಿಕಟ್ಟೆ ಎಲ್ಲವೂ ಬೀಜದಿಂದ ಬರಲಿ. ನಾಲ್ಕು ಬಂಗುಡೆಯ ಬಾಕಿ ಮಾತ್ರ ಯಾವ ಬೀಜದಿಂದಲೂ ಬರುವಂತಿಲ್ಲ. ಅದು ಆಡುವವರ ಮತ್ತು ಅಜ್ಜಿಯ ನಡುವೆ ನಡೆದ ವ್ಯವಹಾರ, ಲೋಕದ ಸೂತ್ರದಲ್ಲಿ ಇಲ್ಲದ್ದು. ಇಡೀ ಊರನ್ನು ಅಳಿಸಿ ಮತ್ತೆ ಹುಟ್ಟಿಸಬಹುದು, ಆ ಒಂದು ಸಾಲನ್ನು ಮತ್ತೆ ಹುಟ್ಟಿಸಲಾಗದು. ಹುಡುಗಿ ಪೆನ್ಸಿಲಿನಿಂದ ಬರೆದ ಹಾಳೆಯೇ ನಿಮ್ಮ ಆಟದಲ್ಲಿ ಅತ್ಯಂತ ನಿಜವಾದ ವಸ್ತು.

ಇದರ ಜೊತೆಗೆ ಗಮನದ ಮಿತಿಯನ್ನೂ ಸೇರಿಸಬಹುದು. ಕ್ಯಾಮೆರಾದ ಆಚೆಗಿರುವುದನ್ನು ಆಟಗಳು ಸಾಮಾನ್ಯವಾಗಿ ಬಿಡಿಸುವುದಿಲ್ಲ, ದೂರದ್ದನ್ನು ಒರಟಾಗಿ ಮಾತ್ರ ಲೆಕ್ಕ ಹಾಕುತ್ತವೆ. ‘ಮೈನ್‌ಕ್ರಾಫ್ಟ್’ ಸೆಕೆಂಡಿಗೆ 20 ಬಾರಿ ಲೋಕವನ್ನು ಮುನ್ನಡೆಸುತ್ತದೆ, ಆದರೆ ಲೋಡ್ ಆಗದ ಭಾಗದಲ್ಲಿ ಬಿತ್ತಿದ ಪೈರು ಬೆಳೆಯುವುದಿಲ್ಲ. ನಿಮ್ಮ ಮೀನು ಮಾರುವ ಹೆಂಗಸು ಮೂರು ದಿನ ಒಂದು ಓಣಿಗೆ ಹೋಗದಿದ್ದರೆ ಆ ಓಣಿಯವರು ಬರಿಯ ಸರಾಸರಿಯಾಗಿ ಕರಗಲಿ. ಮರಳಿ ಹೋದಾಗ ಯಂತ್ರ ಆ ಮೂರು ದಿನಗಳನ್ನು ಊಹಿಸಿ ತುಂಬಲಿ. ಅಜ್ಜಿ ಇರುತ್ತಾರೆ, ಆದರೆ ಮೊಮ್ಮಗನ ಹೆಸರು ಬದಲಾಗಿರುತ್ತದೆ, ಬಾಗಿಲಿನ ನೀಲಿ ಬಣ್ಣ ಹಸಿರಾಗಿರುತ್ತದೆ. ಬುಟ್ಟಿ ಒಂದೇ, ಕಾಲು ಎರಡೇ, ಓಣಿಗಳು ಹನ್ನೆರಡು. ಯಾರ ಮನೆಗೆ ಹೋಗಿ ಯಾರನ್ನು ಉಳಿಸಿಕೊಳ್ಳುತ್ತೀರಿ ಎಂಬ ಪ್ರಶ್ನೆ ದಿನವೂ ಎದುರಾಗುತ್ತದೆ.

ಉತ್ತರ 2: ಭೌತಪಾಠ, ಮಂಗಳೂರು

ನಾನು ಭೌತವಿಜ್ಞಾನ ಕಲಿಸುವವನು, ಆದುದರಿಂದ ನನ್ನ ಮನಸ್ಸು ಹೋಗುವುದು ಪುರಾವೆಯ ಕಡೆಗೆ. ಸಮುದ್ರ ಒಂದು ಗೆರೆಯಲ್ಲಿ ನಿಲ್ಲುವುದಕ್ಕಿಂತ ಸೂಕ್ಷ್ಮವಾದ ದಾರಿಯಿದೆ. 2012ರಲ್ಲಿ ಸೈಲಾಸ್ ಬೀನ್, ಜೊಹ್ರೆ ದಾವೂದಿ ಮತ್ತು ಮಾರ್ಟಿನ್ ಸ್ಯಾವೇಜ್ ಎಂಬ ಭೌತವಿಜ್ಞಾನಿಗಳು ಒಂದು ಯೋಚನೆಯನ್ನು ಮುಂದಿಟ್ಟರು. ಲೋಕವನ್ನು ಚೌಕಳಿಯ ಮೇಲೆ ಲೆಕ್ಕ ಹಾಕುತ್ತಿದ್ದರೆ, ಬಾಹ್ಯಾಕಾಶದಿಂದ ಬರುವ ಅತಿ ಹೆಚ್ಚು ಶಕ್ತಿಯ ಕಾಸ್ಮಿಕ್ ಕಿರಣಗಳು ಎಲ್ಲ ದಿಕ್ಕುಗಳಲ್ಲಿ ಒಂದೇ ರೀತಿ ವರ್ತಿಸಲಾರವು, ಚೌಕಳಿಯ ದಿಕ್ಕು ಅವುಗಳಲ್ಲಿ ಕಾಣಿಸಿಕೊಳ್ಳಬೇಕು ಎಂಬುದು ಅದರ ಸಾರ.

ನಿಮ್ಮ ಬಂದರಿನಲ್ಲಿ ಇದನ್ನು ಡೀಸೆಲ್ ಲೆಕ್ಕದ ಮೂಲಕ ತೋರಿಸಬಹುದು. ಲೋಕದ ಚೌಕಳಿಯಲ್ಲಿ ನಾಲ್ಕೇ ದಿಕ್ಕುಗಳಿಗೆ ಹೆಜ್ಜೆಯಿಡಲು ಸಾಧ್ಯವೆಂದು ಇಟ್ಟುಕೊಳ್ಳಿ. ನೇರ ಪಶ್ಚಿಮಕ್ಕೆ 10 ಕಿಲೋಮೀಟರ್ ಹೋದ ಬೋಟು 10 ಕಿಲೋಮೀಟರಿನ ಡೀಸೆಲ್ ಸುಡುತ್ತದೆ, ಆದರೆ ವಾಯವ್ಯಕ್ಕೆ ಅಷ್ಟೇ ದೂರ ಹೋದದ್ದು 14 ಕಿಲೋಮೀಟರಿಗೂ ಹೆಚ್ಚಿನದನ್ನು ಸುಡುತ್ತದೆ. ಹೆಜ್ಜೆಯನ್ನು ಎಷ್ಟೇ ಸಣ್ಣದು ಮಾಡಿದರೂ ಈ ವ್ಯತ್ಯಾಸ ಕರಗುವುದಿಲ್ಲ ಎಂಬುದು ಗಣಿತದ ಒಂದು ಸುಂದರ ಹಠ. ಕಣ್ಣಿಗೆ ಕಡಲು ನುಣುಪಾಗಿಯೇ ಕಾಣುತ್ತದೆ, ಬೋಟು ನಡೆಸುವ ತಾಂಡೇಲನಿಗೆ ಮಾತ್ರ ತಿಂಗಳ ಕೊನೆಯಲ್ಲಿ ಲೆಕ್ಕ ಕೂಡಿಬರುವುದಿಲ್ಲ. ಆಡುವವರು ರಸೀದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ ತಾವೇ ಕಂಡುಕೊಳ್ಳಲಿ.

ದಾರಿ ತಪ್ಪಿಸುವ ಸುಳಿವೂ ಇರಬೇಕು. ಮಲ್ಪೆಯಿಂದ ದೋಣಿಯಲ್ಲಿ ಹೋಗಬಹುದಾದ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ಕಂಡವರಿಗೆ ಯಾರೋ ಅಳತೆ ಹಿಡಿದು ಕತ್ತರಿಸಿದಂತೆ ಅನಿಸುತ್ತದೆ. ಅದು ಲಾವಾ ತಣಿದು ಕುಗ್ಗುವಾಗ ಬಿರಿದು ಆದ ಆಕಾರ, ಅಲ್ಲಿ ಯಾರ ಅಳತೆಯೂ ಇಲ್ಲ. ಹತ್ತಿರ ಹೋಗಿ ಬದಿಗಳನ್ನು ಎಣಿಸಿದರೆ ಕೆಲವು ಕಂಬಗಳಿಗೆ ಐದು, ಕೆಲವಕ್ಕೆ ಆರು, ಕೆಲವಕ್ಕೆ ಏಳು. ಆಟದಲ್ಲಿ ಹತ್ತು ಜನ ಆ ಕಂಬಗಳನ್ನೇ ಪುರಾವೆಯೆಂದು ನಂಬಿ ಕೂಗಾಡುತ್ತಿರಲಿ, ನಿಜವಾದ ಸುಳಿವು ಡೀಸೆಲ್ ರಸೀದಿಯಲ್ಲಿ ಸುಮ್ಮನೆ ಬಿದ್ದಿರಲಿ. ಕ್ರಮಬದ್ಧತೆ ಕಂಡಲ್ಲೆಲ್ಲ ಕರ್ತೃವನ್ನು ಊಹಿಸಬಾರದು ಎಂಬ ಪಾಠವನ್ನು ತರಗತಿಯಲ್ಲಿ ನಾನು ಇಷ್ಟು ಚೆನ್ನಾಗಿ ಕಲಿಸಲಾರೆ.

ಉತ್ತರ 3: ಚೌಕಿದೀಪ, ಬ್ರಹ್ಮಾವರ

ಮೇಲಿನವರ ತಾಂತ್ರಿಕ ವಿವರಗಳನ್ನು ಗೌರವದಿಂದ ಓದಿದೆ. ನನ್ನ ಅನುಭವ ಯಕ್ಷಗಾನದ್ದು.

‘ಇದು ಆಟ’ ಎಂದು ತಿಳಿದ ಕೂಡಲೇ ಭಾವನೆ ಸತ್ತುಹೋಗುತ್ತದೆ ಎಂಬ ಎಣಿಕೆಯಿಂದಲೇ ಆ ಕೊನೆಯ ತಿರುವು ಹುಟ್ಟುತ್ತದೆ. ನಮ್ಮ ಕಡೆಯವರಿಗೆ ಈ ಎಣಿಕೆ ತಪ್ಪೆಂದು ಮೊದಲಿನಿಂದಲೂ ಗೊತ್ತಿದೆ. ಬಯಲಾಟವನ್ನು ನಾವು ಕರೆಯುವುದೇ ‘ಆಟ’ ಎಂದು. ರಾತ್ರಿ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋದರೆ ಮುಖಕ್ಕೆ ಅರ್ಧ ಬಣ್ಣ ಹಚ್ಚಿ, ಎಡಗೈಯಲ್ಲಿ ಸಣ್ಣ ಕನ್ನಡಿ ಹಿಡಿದ ಕಲಾವಿದರು ಅಡಿಕೆಯ ದರ ಕೇಳುತ್ತಾರೆ. ಬೆಳಗಿನ ಜಾವ ಅವರೇ ಕರ್ಣನಾಗಿ, ಹೂತುಹೋದ ರಥದ ಚಕ್ರದ ಮುಂದೆ ಕೂತಾಗ ನನ್ನ ಕಣ್ಣು ತುಂಬುತ್ತದೆ. ಬಣ್ಣದ ಹಿಂದಿನ ಮುಖವನ್ನು ನಾನು ಮರೆತಿರುವುದಿಲ್ಲ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡೇ ಅಳುತ್ತೇನೆ.

ಆದುದರಿಂದ ಲೋಕದ ಗುಟ್ಟನ್ನು ಕೊನೆಗೆ ಬಚ್ಚಿಡಬೇಡಿ, ಆರಂಭದಲ್ಲಿಯೇ ಹೇಳಿಬಿಡಿ. ಆಡುವವರಿಗೆ ರಂಗಸ್ಥಳವೂ ಇರಲಿ, ಚೌಕಿಯೂ ಇರಲಿ. ಯಕ್ಷಗಾನದಲ್ಲಿ ಭಾಗವತರು ಹಾಡುವ ಪದ್ಯ ನಿಶ್ಚಿತ, ಅದರ ಮೇಲೆ ವೇಷಧಾರಿ ಆಡುವ ಅರ್ಥ ಆಶುವಾದದ್ದು. ಕರ್ಣ ಬದುಕುವಂತೆ ಮಾಡಲು ಯಾರಿಗೂ ಸಾಧ್ಯವಿಲ್ಲ, ಆದರೆ ಸಾಯುವ ಮುನ್ನ ಕೃಷ್ಣನಿಗೆ ಏನು ಹೇಳುತ್ತಾನೆ ಎಂಬುದು ಆ ರಾತ್ರಿಯ ಕಲಾವಿದನ ಕೈಯಲ್ಲಿದೆ. ನಿಮ್ಮ ಆಟದಲ್ಲಿಯೂ ಘಟನೆಗಳು ಪದ್ಯದಂತೆ ಅಚಲವಾಗಿರಲಿ, ಮಾತು ಮಾತ್ರ ಆಡುವವರದಾಗಿರಲಿ. ರಂಗದಲ್ಲಿ ಆಡಿದ ಒಂದು ಮಾತಿನಿಂದ ಮರುದಿನ ಚೌಕಿಯಲ್ಲಿ ಜೊತೆಯವರು ನಿಮ್ಮನ್ನು ನೋಡುವ ನೋಟ ಬದಲಾಗಲಿ. ಸಿಮ್ಯುಲೇಶನ್‌ನಲ್ಲಿ ಸ್ವಾತಂತ್ರ್ಯ ಎಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ರೂಪ ನನಗೆ ಹೊಳೆಯುತ್ತಿಲ್ಲ.

ಉತ್ತರ 4: ರಥಬೀದಿಯ ಓದುಗ, ಉಡುಪಿ

ಇಂಥ ಚರ್ಚೆಗಳಲ್ಲಿ ಬೇಗನೆ ‘ಮಾಯೆ’ ಎಂಬ ಪದ ಬಂದುಬಿಡುತ್ತದೆ, ಲೋಕ ಮಿಥ್ಯೆ ಎಂಬ ತೀರ್ಮಾನ ಅದರ ಬೆನ್ನಿಗೇ ಬರುತ್ತದೆ. ಉಡುಪಿಯಲ್ಲಿ ಕೂತು ಆಟ ಕಟ್ಟುವವರು ಇಲ್ಲಿನ ಇನ್ನೊಂದು ದರ್ಶನವನ್ನೂ ನೆನೆಯಬೇಕು. ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಜಗತ್ತು ಸತ್ಯವೆಂದೇ ವಾದಿಸಿದರು. ಅವರು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ವಿಂಗಡಿಸಿದರು. ಜಗತ್ತು ಇನ್ನೊಬ್ಬನ ಅಧೀನದಲ್ಲಿದೆ ಎಂಬ ಕಾರಣಕ್ಕೆ ಅದು ಸುಳ್ಳಾಗುವುದಿಲ್ಲ. ಕನಸಿನ ವಸ್ತುಗಳು ಕೂಡ ವಾಸನೆಗಳಿಂದ, ಅಂದರೆ ಮನಸ್ಸಿನಲ್ಲಿ ಉಳಿದ ಸಂಸ್ಕಾರಗಳಿಂದ, ಆದ ನಿಜ, ಅವನ್ನು ಎಚ್ಚರದ ವಸ್ತುಗಳೆಂದು ತಿಳಿಯುವುದಷ್ಟೇ ಭ್ರಮೆ ಎಂದರು. ಪರಮಾತ್ಮನನ್ನು ಸರ್ವರ್ ನಡೆಸುವವನಿಗೆ ಹೋಲಿಸುವ ಉದ್ದೇಶ ನನ್ನದಲ್ಲ, ಹಾಗೆ ಮಾಡಬಾರದು ಕೂಡ. ಅವಲಂಬನೆ ಬೇರೆ, ಅಸತ್ಯ ಬೇರೆ ಎಂಬ ಭೇದವನ್ನಷ್ಟೇ ತೆಗೆದುಕೊಳ್ಳಿ. ನಮ್ಮ ಕಾಲದ ತತ್ತ್ವಶಾಸ್ತ್ರಜ್ಞ ಡೇವಿಡ್ ಚಾಲ್ಮರ್ಸ್ ಬೇರೆಯೇ ದಾರಿಯಲ್ಲಿ ಬಂದು, ನಾವು ಸಿಮ್ಯುಲೇಶನ್‌ನಲ್ಲಿದ್ದರೂ ನಮ್ಮ ಮೇಜು ಕುರ್ಚಿಗಳು ನಿಜವೇ ಎಂದು ವಾದಿಸುತ್ತಾರೆ.

ನನ್ನ ಕಲ್ಪನೆ ಬೋಸ್ಟ್ರಮ್ ವಾದದ ಎರಡನೆಯ ಕವಲಿನದು: ನಡೆಸಬಲ್ಲವರು ಯಾಕೆ ನಡೆಸದೆ ಇರಬಹುದು? ಆಡುವವರು ಒಂದು ಸಣ್ಣ ಅಂಗಡಿಯ ಹಿಂದಿನ ಕೋಣೆಯಲ್ಲಿ, ಮುನ್ನೂರು ಜನರ ಲೋಕವಿರುವ ಯಂತ್ರವೊಂದನ್ನು ಕಾಯುತ್ತಾರೆ. ಮಳೆಗಾಲ, ಪದೇ ಪದೇ ಕರೆಂಟು ಹೋಗುತ್ತದೆ. ಯಂತ್ರ ನಿಂತು ಮತ್ತೆ ಶುರುವಾದರೆ ಒಳಗಿನವರಿಗೆ ನಿಂತದ್ದು ಗೊತ್ತೇ ಆಗುವುದಿಲ್ಲ, ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ನಿಮ್ಮ ಒಂದು ತಪ್ಪನ್ನು ತಿದ್ದಲು ಮೂರು ದಿನ ಹಿಂದಿನ ಸೇವ್‌ಗೆ ಮರಳಿದರೆ, ಆ ಮೂರು ದಿನಗಳಲ್ಲಿ ಒಳಗೆ ಹುಟ್ಟಿದ ಮಗು ಇಲ್ಲವಾಗುತ್ತದೆ. ಪ್ರತಿಯೊಂದು ಆಟದಲ್ಲಿಯೂ ನಾವು ಯೋಚಿಸದೆ ಒತ್ತುವ ಆ ಗುಂಡಿಯ ಮೇಲೆ ಇಲ್ಲಿ ಬೆರಳು ನಡುಗಬೇಕು.

ಉತ್ತರ 5: ಹಂಚಿನಮಾಡು, ಮಂಗಳೂರು

ಎರಡು ಮಾತುಗಳು. ತುಳುನಾಡಿನ ಕಥೆಯೆಂದ ಕೂಡಲೇ ದೈವವನ್ನು ‘ಲೋಕದ ದೋಷ’ವಾಗಿಯೋ ಯಂತ್ರದ ಕಾವಲುಗಾರನಾಗಿಯೋ ತರುವ ಆಸೆ ಹುಟ್ಟಬಹುದು. ದಯವಿಟ್ಟು ಬೇಡ. ಅದು ಜನರ ನಂಬಿಕೆ ಮತ್ತು ಮನೆತನಗಳ ಹೊಣೆ, ಅಲಂಕಾರದ ಸಾಮಗ್ರಿಯಾಗಬಾರದು. ಇನ್ನೊಂದು, ಆಟವನ್ನು ಗೊಡೋ ಎಂಬ ಆಟ ಕಟ್ಟುವ ತಂತ್ರಾಂಶದಲ್ಲಿ ಕಟ್ಟುತ್ತಿದ್ದರೆ 2023ರಲ್ಲಿ ಬಂದ ನಾಲ್ಕನೇ ಆವೃತ್ತಿ ಅಥವಾ ಅದರ ನಂತರದ್ದನ್ನೇ ಬಳಸಿ. ಹಿಂದಿನ ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರಗಳು ಕೂಡಿಕೊಳ್ಳುತ್ತಿರಲಿಲ್ಲ. ‘ಅಜ್ಜಿ’ ಎಂಬುದು ಜಕಾರ ಬೇರೆ, ಅರ್ಧಾಕ್ಷರ ಬೇರೆಯಾಗಿ ಒಡೆದು ಕಾಣುತ್ತಿತ್ತು.

ಮರುಮಾತು: ಪಡುಗಾಳಿ, ಮಣಿಪಾಲ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ರಾತ್ರಿ ಮೂವರೂ ಕೂತು ನಿಮ್ಮ ಉತ್ತರಗಳನ್ನು ಗಟ್ಟಿಯಾಗಿ ಓದಿದೆವು. ರಥಬೀದಿಯ ಓದುಗರ ಕಲ್ಪನೆ ಒಂದು ಬೇರೆಯೇ ಆಟಕ್ಕೆ ಸಾಕಾಗುವಷ್ಟಿದೆ, ಅದನ್ನು ಮುಂದಕ್ಕೆ ಕಾದಿಟ್ಟಿದ್ದೇವೆ. ಅವಲಂಬನೆಯ ಬಗ್ಗೆ ಅವರು ಹೇಳಿದ ಮಾತು ಮಾತ್ರ ಈ ಆಟಕ್ಕೂ ಬೇಕು. ಸಮುದ್ರ ನಿಲ್ಲುವ ದೃಶ್ಯವನ್ನು ತೆಗೆದುಹಾಕಿದ್ದೇವೆ. ಡೀಸೆಲ್ ರಸೀದಿಯ ಸುಳಿವು ಆಟದ ಮೊದಲ ಭಾಗದಲ್ಲಿಯೇ ಬರಲಿದೆ. ಲೋಕದ ಗುಟ್ಟು ತಿಳಿದ ಮರುದಿನ ಬೆಳಿಗ್ಗೆಯೂ ಧಕ್ಕೆಯಲ್ಲಿ ಏಲಂ ಎಂದಿನಂತೆ ನಡೆಯುತ್ತದೆ, ಬುಟ್ಟಿ ತುಂಬಬೇಕಾಗುತ್ತದೆ.

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯನ್ನೂ ಒಂದು ಅಧ್ಯಾಯವಾಗಿಸುತ್ತಿದ್ದೇವೆ. ಯಾಂತ್ರಿಕ ಬೋಟುಗಳು ಕಟ್ಟಿಹಾಕಿರುವಾಗ ಓಣಿಗಳಿಗೆ ಹೋಗಲು ಕಾರಣವೇ ಇರುವುದಿಲ್ಲ. ಕಡಲಹಾದಿಯವರ ನಿಯಮದಂತೆ ಆ 61 ದಿನಗಳಲ್ಲಿ ಊರು ಕರಗತೊಡಗುತ್ತದೆ. ಮಾರಲು ತಾಜಾ ಮೀನಿಲ್ಲದಿದ್ದರೂ, ಒಣಮೀನಿನ ಸಣ್ಣ ಕಟ್ಟು ಹಿಡಿದು ಮಳೆಯಲ್ಲಿ ಅಜ್ಜಿಯ ಮನೆಗೆ ಹೋಗುತ್ತೀರಾ ಎಂಬುದು ಆಡುವವರಿಗೆ ಬಿಟ್ಟದ್ದು.

ಬಾಕಿಯ ಪುಸ್ತಕವನ್ನು ಆಟದೊಳಗೆ ತಂದಿದ್ದೇವೆ. ಯಂತ್ರ ಅದನ್ನು ತಾನಾಗಿ ತುಂಬುವುದಿಲ್ಲ, ಆಡುವವರೇ ಬರೆಯಬೇಕು. ಬರೆಯದಿದ್ದರೆ ಸೇವ್ ಆಗುವುದಿಲ್ಲ. ಅಕ್ಕನ ಮಗಳಿಗೆ ಇದನ್ನು ಹೇಳಿದಾಗ ತನ್ನ ಹಳೆಯ ಹಾಳೆಯನ್ನು ಹರಿದು ಕೊಟ್ಟಳು. ಅದರ ಪ್ರಕಾರ ಅಜ್ಜಿ ಮೂವತ್ತಾರು ಬಂಗುಡೆಯ ಹಣ ಕೊಡಬೇಕಿದೆ.

ಈಗ ನಮಗೆ ಬೇಕಾಗಿರುವುದು ಧಕ್ಕೆಯ ಏಲಂ ಕೂಗುವ ರೀತಿಯನ್ನು ಬಲ್ಲವರು. ಒಂದು ಬೆಳಿಗ್ಗೆ ನಮ್ಮೊಡನೆ ನಿಂತು ಅದನ್ನು ತಿಳಿಸಿಕೊಡಲು ಸಾಧ್ಯವಿರುವವರು ದಯವಿಟ್ಟು ಇಲ್ಲಿಯೇ ಉತ್ತರಿಸಿ.