ಚಾಸಿ ಇರುವ ಗಾಡಿ ಹೆಚ್ಚು ಸುರಕ್ಷಿತವೇ? ಜೀಪು ಕೊಳ್ಳುವವರ ಪ್ರಶ್ನೆಗಳಿಗೆ ಉತ್ತರ

(ಈ ವಾರ ಉತ್ತರಿಸುತ್ತಿರುವವರು ಡಿಕ್ಕಿಯಾದ ವಾಹನಗಳ ಚಾಸಿ ಮತ್ತು ಬಾಡಿ ರಿಪೇರಿ ಮಾಡುವ ವರ್ಕ್‌ಶಾಪಿನ ಎಂಜಿನಿಯರ್.)

ಪ್ರಶ್ನೆ, ಸಕಲೇಶಪುರದಿಂದ: ಸರ್, ಮಳೆಗಾಲದಲ್ಲಿ ನಮ್ಮ ತೋಟದ ದಾರಿಗೆ ಫೋರ್ ವೀಲ್ ಡ್ರೈವ್ ಬೇಕೇ ಬೇಕು. ಅದೇ ಗಾಡಿಯಲ್ಲಿ ಮನೆಯವರನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹಾಸನಕ್ಕೂ ಹೋಗಬೇಕು. ನಮ್ಮ ಭಾವ "ಚಾಸಿ ಇರುವ ಗಾಡಿಯನ್ನೇ ತೆಗೆದುಕೋ, ಮಾನೊಕಾಕ್ ಎಂದರೆ ಬರೀ ತಗಡು" ಎನ್ನುತ್ತಾರೆ. ಹೌದೇ?

ಉತ್ತರ: ಭಾವನವರ ಮಾತು ತೋಟದ ದಾರಿಯ ಮಟ್ಟಿಗೆ ಸರಿ, ಹೆದ್ದಾರಿಯ ಮಟ್ಟಿಗೆ ಅಲ್ಲ. ಭಾವನವರು ಹೇಳುವ ಚಾಸಿ, ಅಂದರೆ ಲ್ಯಾಡರ್ ಫ್ರೇಮ್, ಏಣಿಯನ್ನು ಮಲಗಿಸಿದ ಹಾಗೆ, ಉದ್ದಕ್ಕೆ ಎರಡು ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿಗಳು. ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಎಲ್ಲದರ ಭಾರ ಅದರ ಮೇಲೆ. ಬಾಡಿಯನ್ನು ರಬ್ಬರ್ ಬುಷ್ ಇಟ್ಟು ಮೇಲಿನಿಂದ ಬೋಲ್ಟ್ ಮಾಡಿರುತ್ತಾರೆ. ಒಂದು ಚಕ್ರ ಗುಂಡಿಗಿಳಿದು ಇನ್ನೊಂದು ಬಂಡೆ ಹತ್ತಿದಾಗ ಆಗುವ ತಿರುಚನ್ನು ಈ ರಚನೆ ಚೆನ್ನಾಗಿ ತಾಳುತ್ತದೆ. ಮಾನೊಕಾಕ್‌ನಲ್ಲಿ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ.

ಡಿಕ್ಕಿಯ ಲೆಕ್ಕ ಬೇರೆ. ಗಾಡಿಗಳನ್ನು ಡಿಕ್ಕಿ ಹೊಡೆಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ನಮ್ಮ ದೇಶದ ವ್ಯವಸ್ಥೆ ಭಾರತ್ ಎನ್‌ಕ್ಯಾಪ್, ಎದುರಿನ ಡಿಕ್ಕಿ ಪರೀಕ್ಷೆಯನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ನಡೆಸುತ್ತದೆ. ಆ ವೇಗದಿಂದ ಗಾಡಿ ನಿಲ್ಲುವಷ್ಟರಲ್ಲಿ ಮುಂಭಾಗ 60 ಸೆಂಟಿಮೀಟರ್ ಕುಸಿದರೆ, ಒಳಗಿರುವವರ ಮೇಲೆ ಬೀಳುವ ಹೊಡೆತ ಸರಾಸರಿ ಗುರುತ್ವದ 27 ಪಟ್ಟು. ಮುಂಭಾಗ ಗಟ್ಟಿಯಾಗಿ 30 ಸೆಂಟಿಮೀಟರ್ ಮಾತ್ರ ಕುಸಿದರೆ ಅದು 54 ಪಟ್ಟು. ಇದು ಶಾಲೆಯ ಭೌತಶಾಸ್ತ್ರದ ಲೆಕ್ಕ. ನಿಜವಾದ ಡಿಕ್ಕಿಯಲ್ಲಿ ಹೊಡೆತ ಏರಿಳಿಯುತ್ತದೆ. ಆದರೂ ತಾತ್ಪರ್ಯ ಇದೇ: ಮುಂದಿನ ಭಾಗ ಹದವಾಗಿ ಮಡಚಿಕೊಳ್ಳಬೇಕು, ಜನ ಕೂರುವ ಜಾಗ ಮಾತ್ರ ಕುಸಿಯಬಾರದು. "ನಮ್ಮ ಹಳೆಯ ಜೀಪಿಗೆ ಗುದ್ದಿದರೂ ಬಂಪರ್ ಬಗ್ಗಲಿಲ್ಲ" ಎಂದು ಹೆಮ್ಮೆ ಪಡುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಬಂಪರ್ ನುಂಗದ ಹೊಡೆತ ಒಳಗಿದ್ದವರ ಎದೆಗೆ, ಕುತ್ತಿಗೆಗೆ ಹೋಗಿರುತ್ತದೆ.

ಹಾಗೆಂದು ಲ್ಯಾಡರ್ ಫ್ರೇಮ್ ಅಪಾಯಕಾರಿ ಎಂದೂ ಅಲ್ಲ. 2016ರಲ್ಲಿ ಇಂಥದೇ ಪರೀಕ್ಷೆ ನಡೆಸುವ ಅಂತರರಾಷ್ಟ್ರೀಯ ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪ್ ಏರ್‌ಬ್ಯಾಗ್ ಇಲ್ಲದ ಸ್ಕಾರ್ಪಿಯೋಗೆ ಐದರಲ್ಲಿ ಸೊನ್ನೆ ಸ್ಟಾರ್ ಕೊಟ್ಟಿತು. 2020ರಲ್ಲಿ ಥಾರ್‌ಗೆ ನಾಲ್ಕು, 2022ರಲ್ಲಿ ಸ್ಕಾರ್ಪಿಯೋ-ಎನ್‌ಗೆ ವಯಸ್ಕರ ರಕ್ಷಣೆಯಲ್ಲಿ ಐದು ಸ್ಟಾರ್ ಬಂದವು. ಮೂರೂ ಚಾಸಿ ಇರುವ ಗಾಡಿಗಳೇ. ಹೊಸ ಚಾಸಿಗಳಲ್ಲಿ ತೊಲೆಯ ಮುಂತುದಿಯನ್ನು ಡಿಕ್ಕಿಯಲ್ಲಿ ಮಡಚಿಕೊಳ್ಳುವಂತೆಯೇ ವಿನ್ಯಾಸ ಮಾಡುತ್ತಾರೆ. ಇತ್ತ, 2020ರಲ್ಲಿ ಯುರೋ ಎನ್‌ಕ್ಯಾಪ್‌ನ ಐದು ಸ್ಟಾರ್ ಪಡೆದ ಹೊಸ ಲ್ಯಾಂಡ್ ರೋವರ್ ಡಿಫೆಂಡರ್ ಅಲ್ಯೂಮಿನಿಯಂ ಮಾನೊಕಾಕ್. ಅದನ್ನು ಬರೀ ತಗಡು ಎನ್ನಲು ಭಾವನವರಿಗೂ ಮನಸ್ಸು ಬರಲಿಕ್ಕಿಲ್ಲ. 2018ರಲ್ಲಿ ಅದೇ ಸಂಸ್ಥೆಯಿಂದ ಒಂದೇ ಸ್ಟಾರ್ ಪಡೆದ ಜೀಪ್ ರ‍್ಯಾಂಗ್ಲರ್‌ಗೆ ಚಾಸಿ ಇತ್ತು. ಆದ್ದರಿಂದ ಚಾಸಿ ಇದೆಯೋ ಇಲ್ಲವೋ ಎಂದು ಕೇಳುವುದಕ್ಕಿಂತ ನೀವು ಕೊಳ್ಳುವ ಮಾದರಿಯ ಪರೀಕ್ಷಾ ವರದಿಯನ್ನು ಓದಿ.

ಪ್ರಶ್ನೆ, ಬೆಂಗಳೂರಿನಿಂದ: ಅದೇ ಸ್ಕಾರ್ಪಿಯೋ-ಎನ್‌ಗೆ 2023ರಲ್ಲಿ ಆಸ್ಟ್ರೇಲಿಯಾದಲ್ಲಿ ಸೊನ್ನೆ ಬಂತಲ್ಲ? ಯಾವುದನ್ನು ನಂಬುವುದು?

ಉತ್ತರ: ಎರಡನ್ನೂ. ಪ್ರಶ್ನೆಪತ್ರಿಕೆ ಬೇರೆ ಬೇರೆ. ಆಸ್ಟ್ರೇಲಿಯಾದ ಎಎನ್‌ಕ್ಯಾಪ್ ತಾನಾಗಿ ಬ್ರೇಕ್ ಹಾಕುವ, ಲೇನ್ ತಪ್ಪದಂತೆ ತಡೆಯುವ ವ್ಯವಸ್ಥೆಗಳಿಗೂ ಅಂಕ ಕೊಡುತ್ತದೆ. ಅಲ್ಲಿ ಪರೀಕ್ಷೆಗೆ ನಿಂತ ಗಾಡಿಯಲ್ಲಿ ಅವು ಇರಲಿಲ್ಲ. ಸ್ಟಾರ್ ನೋಡುವಾಗ ಯಾವ ಸಂಸ್ಥೆ, ಯಾವ ವರ್ಷ ಎಂಬುದನ್ನೂ ನೋಡಬೇಕು. ಗ್ಲೋಬಲ್ ಎನ್‌ಕ್ಯಾಪ್ ಕೂಡ 2022ರಲ್ಲಿ ನಿಯಮ ಬಿಗಿಗೊಳಿಸಿದ್ದರಿಂದ, ಮೇಲೆ ಹೇಳಿದ ನಾಲ್ಕು ಮತ್ತು ಐದನ್ನು ನೇರವಾಗಿ ಹೋಲಿಸುವಂತಿಲ್ಲ.

ಪ್ರಶ್ನೆ, ಮಡಿಕೇರಿಯಿಂದ: ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಿ, ಗಾಡಿಯನ್ನು ನಾಲ್ಕಿಂಚು ಎತ್ತರಿಸಬಹುದೇ?

ಉತ್ತರ: ಗಾರ್ಡ್ ಬೇಡ. ಅದನ್ನು ಚಾಸಿಯ ಮುಂತುದಿಗೇ ಬೋಲ್ಟ್ ಮಾಡುತ್ತಾರೆ. ಮಡಚಿಕೊಳ್ಳಬೇಕಾದ ಭಾಗಕ್ಕೆ ಆಸರೆ ಕೊಟ್ಟಂತಾಯಿತು, ಏರ್‌ಬ್ಯಾಗ್ ಸೆನ್ಸರಿಗೆ ಹೊಡೆತ ತಲುಪುವ ರೀತಿಯೂ ಬದಲಾಯಿತು. ಗಾಡಿಗೆ ಅಡ್ಡ ಬಂದ ಪಾದಚಾರಿಯ ಗತಿಯಂತೂ ಕೇಳುವುದೇ ಬೇಡ. ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲೇ ಇಂಥ ಗಾರ್ಡ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದಿದೆ. ವಾಹನದ ಮೂಲ ರಚನೆಯನ್ನು ಮನಬಂದಂತೆ ಬದಲಿಸುವುದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನ್ವಯವಾಗುತ್ತದೆ.

ಎತ್ತರಿಸಿದರೆ ಗುರುತ್ವ ಕೇಂದ್ರವೂ ಮೇಲೇರುತ್ತದೆ. ಎಡ ಬಲ ಚಕ್ರಗಳ ನಡುವಿನ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿ ಬರುವ ಸಂಖ್ಯೆ ಕಡಿಮೆಯಾದಷ್ಟೂ ಗಾಡಿ ಮಗುಚುವ ಸಾಧ್ಯತೆ ಹೆಚ್ಚು. ನಿಮ್ಮ ಘಟ್ಟದ ತಿರುವುಗಳಿಗೆ ಇದು ಸಲ್ಲದು.

ಪ್ರಶ್ನೆ, ಕುಂದಾಪುರದಿಂದ: ಸೆಕೆಂಡ್ ಹ್ಯಾಂಡ್ ಜೀಪು ನೋಡುತ್ತಿದ್ದೇನೆ. ಚಾಸಿಗೆ ಪೆಟ್ಟು ಬಿದ್ದಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಲಿಫ್ಟಿನ ಮೇಲೆ ಏರಿಸದೆ ಮುಂಗಡ ಕೊಡಬೇಡಿ. ಟಾರ್ಚ್ ಹಿಡಿದು ಮುಂದಿನ ತೊಲೆಗಳ ಪಕ್ಕೆಯನ್ನು ನೋಡಿ. ಸುಕ್ಕು, ಒಂದೇ ಕಡೆ ಹೊಸ ಕಪ್ಪು ಬಣ್ಣ, ಕೈಯಿಂದ ಎಳೆದ ಒರಟು ವೆಲ್ಡಿಂಗ್ ಕಂಡರೆ ಅಲ್ಲಿಗೇ ನಿಲ್ಲಿಸಿ. ತೊಲೆಯ ಮೇಲೆ ಕೊರೆದ ಚಾಸಿ ನಂಬರ್ ಆರ್‌ಸಿಯಲ್ಲಿರುವುದಕ್ಕೆ ಅಕ್ಷರ ಅಕ್ಷರ ಹೊಂದಬೇಕು. ಎಡ ಮುಂದಿನ ಒಂದು ಬೋಲ್ಟಿನಿಂದ ಬಲ ಹಿಂದಿನ ಬೋಲ್ಟಿಗೆ ಟೇಪ್ ಹಿಡಿದು ಅಳೆಯಿರಿ, ಆಮೇಲೆ ಅದನ್ನೇ ಅಡ್ಡ ಬದಲಿಸಿ ಅಳೆಯಿರಿ. ಎರಡರಲ್ಲಿ ಎದ್ದು ಕಾಣುವ ವ್ಯತ್ಯಾಸವಿದ್ದರೆ ಚಾಸಿ ಸೊಟ್ಟಗಾಗಿದೆ.

ನಿಮ್ಮ ಕಡೆ ಉಪ್ಪುಗಾಳಿ ಬೇರೆ. ತುಕ್ಕು ಪೆಟ್ಟಿಗೆಯಾಕಾರದ ತೊಲೆಯ ಒಳಗಿನಿಂದ ತಿನ್ನುತ್ತದೆ, ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ, ಮಂಕಾಗಿ ಕೇಳಿಸಿದ ಕಡೆ ಸ್ಕ್ರೂ ಡ್ರೈವರ್ ಒತ್ತಿ ನೋಡಿ. ಮಾರುವವರು ತಟ್ಟಲು ಬಿಡದಿದ್ದರೆ ಬೇರೆ ಗಾಡಿ ಹುಡುಕಿ.