ಡೆಸ್ಕ್‌ಟಾಪ್ ಪದೇ ಪದೇ ಕ್ರ್ಯಾಶ್, ಪ್ರತಿ ಸಲ ಬೇರೆ ಎರರ್: ರ‍್ಯಾಮ್ ಹೋಗಿದೆಯಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಡೆಸ್ಕ್‌ಟಾಪ್‌ಗೆ ಮೂರು ವರ್ಷ ಆಗಿದೆ. 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್ ಇವೆ. ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ಅನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿದ್ದೇನೆ, 3200ರ ವೇಗದಲ್ಲಿ ಓಡುತ್ತಿದೆ.

ಹದಿನೈದು ದಿನದಿಂದ ದಿನಕ್ಕೆ ಎರಡು ಮೂರು ಸಲ ನೀಲಿ ಪರದೆ ಬರುತ್ತಿದೆ. ಒಮ್ಮೆ ‘ಮೆಮೊರಿ ಮ್ಯಾನೇಜ್‌ಮೆಂಟ್’ ಅಂತ, ಇನ್ನೊಮ್ಮೆ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’ ಅಂತ, ನಿನ್ನೆ ‘ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’ ಅಂತ. ಗೇಮ್ ಆಡುವಾಗಲೇ ಆಗುತ್ತದೆ ಅಂತಲೂ ಇಲ್ಲ, ಸುಮ್ನೆ ಬ್ರೌಸರ್ ತೆರೆದಿಟ್ಟಿದ್ದರೂ ಆಗುತ್ತದೆ. ಗ್ರಾಫಿಕ್ಸ್ ಡ್ರೈವರ್ ಬದಲಿಸಿದೆ, ವಿಂಡೋಸ್ ಹೊಸದಾಗಿ ಹಾಕಿದೆ. ಏನೂ ಉಪಯೋಗ ಆಗಲಿಲ್ಲ. ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿದರೆ ಯಾವ ತೊಂದರೆಯೂ ಇಲ್ಲ ಅಂತ ತೋರಿಸಿತು. ಹಾಗಾದರೆ ರ‍್ಯಾಮ್ ಸರಿ ಇದೆ ಅಂತ ಅಲ್ವಾ?

ಇನ್ನೊಂದು ವಿಷಯ. ಫೋಟೋಗಳ ದೊಡ್ಡ ಜಿಪ್ ಫೈಲ್ ಒಂದಿದೆ. ಬಿಚ್ಚಲು ಹೋದರೆ ಮಧ್ಯದಲ್ಲಿ ಸಿಆರ್‌ಸಿ ಎರರ್, ಅಂದರೆ ಡೇಟಾ ಕೆಟ್ಟಿದೆ ಅನ್ನುವ ಎಚ್ಚರಿಕೆ, ಬರುತ್ತದೆ. ಮತ್ತೆ ಬಿಚ್ಚಿದರೆ ಆ ಫೋಟೋ ಸರಿಯಾಗಿ ಬರುತ್ತದೆ, ಬೇರೆ ಯಾವುದೋ ಫೋಟೋ ಕೆಡುತ್ತದೆ. ಡಿಸ್ಕ್ ಹೋಗುತ್ತಿದೆಯೇನೋ ಅಂತ ಹೆದರಿ ಈಗ ಎಲ್ಲವನ್ನೂ ಹೊರಗಿನ ಡಿಸ್ಕ್‌ಗೆ ಬ್ಯಾಕಪ್ ಮಾಡುತ್ತಿದ್ದೇನೆ.

ಉತ್ತರ

ಮೊದಲು ಆ ಬ್ಯಾಕಪ್ ನಿಲ್ಲಿಸಿ ಸರ್. ದಯವಿಟ್ಟು. ಉಳಿದದ್ದನ್ನು ಆಮೇಲೆ ಓದಿ.

ಕಾರಣ ನಿಮ್ಮ ಜಿಪ್ ಫೈಲ್‌ನಲ್ಲೇ ಇದೆ. ಡಿಸ್ಕ್ ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ ಜಾಗ, ಅದೇ ಫೋಟೋ ಮತ್ತೆ ಮತ್ತೆ ಕೈಕೊಡುತ್ತದೆ. ನಿಮ್ಮಲ್ಲಿ ಪ್ರತಿ ಸಲ ಜಾಗ ಬದಲಾಗುತ್ತಿದೆ. ಅಂದರೆ ಡಿಸ್ಕ್‌ನಲ್ಲಿ ಫೈಲ್ ಬಹುಶಃ ಚೆನ್ನಾಗಿಯೇ ಇದೆ, ಓದಿದ ಮೇಲೆ ದಾರಿಯಲ್ಲಿ ಕೆಡುತ್ತಿದೆ. ಆ ದಾರಿ ರ‍್ಯಾಮ್. ಕಾಪಿ ಮಾಡುವ ಪ್ರತಿ ಫೈಲೂ ಅದರ ಮೂಲಕವೇ ಹೋಗಬೇಕು. ಹಳೆಯ ಒಳ್ಳೆಯ ಬ್ಯಾಕಪ್ ಮೇಲೆ ಈಗ ಬರೆದರೆ, ಇರುವ ಒಳ್ಳೆಯ ಪ್ರತಿಯನ್ನೂ ಕೆಡಿಸಿಕೊಳ್ಳುತ್ತೀರಿ. ನೀಲಿ ಪರದೆ ಬಂದರೆ ಕನಿಷ್ಠ ಕಣ್ಣಿಗೆ ಕಾಣುತ್ತದೆ. ಇದು ಕಾಣುವುದೇ ಇಲ್ಲ, ಅದಕ್ಕೇ ನನಗೆ ಇದರ ಭಯ ಜಾಸ್ತಿ. ಆ ಹೊರಗಿನ ಡಿಸ್ಕ್ ಕಳಚಿ ಪಕ್ಕಕ್ಕಿಡಿ.

ಎರರ್ ಹೆಸರು ಪ್ರತಿ ಸಲ ಬದಲಾಗುವುದೂ ರ‍್ಯಾಮ್ ಕಡೆಗೇ ಕೈ ತೋರಿಸುತ್ತದೆ. ಡ್ರೈವರ್ ತಪ್ಪಾದರೆ ಒಂದೇ ಎರರ್, ಅದೇ ಡ್ರೈವರ್ ಫೈಲಿನ ಹೆಸರು ಮರಳಿ ಮರಳಿ ಬರುವುದು ಹೆಚ್ಚು. ವಿಂಡೋಸ್‌ನ ಪರೀಕ್ಷೆ ಪಾಸ್ ಆಯಿತು ಅಂತ ನಂಬಬೇಡಿ. ಅದು ಎರರ್ ಹಿಡಿದರೆ ನಂಬಬಹುದು. ಹಿಡಿಯದಿದ್ದರೆ ಅದರಿಂದ ಏನೂ ಹೇಳುವ ಹಾಗಿಲ್ಲ.

ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ. ಪೆನ್‌ಡ್ರೈವ್ ತಯಾರಿಸಲು ಬೇರೆ ಕಂಪ್ಯೂಟರ್ ಬಳಸಿ, ಇದನ್ನಲ್ಲ. ಸೆಕ್ಯೂರ್ ಬೂಟ್ (ಗುರುತಿಲ್ಲದ ಸಾಫ್ಟ್‌ವೇರ್‌ನಿಂದ ಬೂಟ್ ಆಗದಂತೆ ತಡೆಯುವ ಬಯೋಸ್ ಸೆಟ್ಟಿಂಗ್) ಅಡ್ಡ ಬಂದರೆ ಸ್ವಲ್ಪ ಹೊತ್ತು ಆಫ್ ಮಾಡಬೇಕಾಗುತ್ತದೆ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಅದಕ್ಕೂ ಮೊದಲು ರಿಕವರಿ ಕೀ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ವಿಂಡೋಸ್ ಒಳಗೆ ಬಿಡದೇ ಇರಬಹುದು.

ಮೊದಲು ಈಗ ಇರುವ ಹಾಗೇ ಓಡಿಸಿ. ಎರರ್ ಬಂದರೆ ಎಕ್ಸ್‌ಎಂಪಿ ಆಫ್ ಮಾಡಿ ಇನ್ನೊಮ್ಮೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ.

ಪ್ರಶ್ನೆ ಕೇಳಿದವರು

ಬ್ಯಾಕಪ್ ಅರ್ಧಕ್ಕೇ ನಿಲ್ಲಿಸಿದೆ. ಎಕ್ಸ್‌ಎಂಪಿ ಆನ್ ಇದ್ದಾಗ ಮೊದಲ ಪಾಸ್‌ನಲ್ಲೇ (ಪರೀಕ್ಷೆಯ ಒಂದು ಪೂರ್ತಿ ಸುತ್ತು) 140ಕ್ಕೂ ಹೆಚ್ಚು ಎರರ್, ಪರದೆ ತುಂಬಾ ಕೆಂಪು. ಆಫ್ ಮಾಡಿದ ಮೇಲೆ ರಾತ್ರಿಯಿಡೀ ಓಡಿ ಬರೀ 3. ಎಕ್ಸ್‌ಎಂಪಿ ಆಫ್ ಮಾಡಿಯೇ ಬಳಸಿದರೆ ಸಾಕಲ್ವಾ? ಇನ್ನು ಎರರ್ ಬಂದ ಅಡ್ರೆಸ್ (ರ‍್ಯಾಮ್‌ನಲ್ಲಿ ಆ ಜಾಗದ ಸಂಖ್ಯೆ) ನೋಡಿ ಯಾವ ಸ್ಟಿಕ್ ಅಂತ ಹೇಳಬಹುದಾ?

ಉತ್ತರ

ಸಾಲದು. ಇದರಲ್ಲಿ ಪಾಸಾಗುವುದು ಅಂದರೆ ಸೊನ್ನೆ ಎರರ್ ಮಾತ್ರ. ಒಂದು ಎರರ್ ಕೂಡ ಫೇಲ್. ಎಕ್ಸ್‌ಎಂಪಿ ಆಫ್ ಆದಾಗ ವೇಗ 2133 ಅಥವಾ 2400ರ ಹತ್ತಿರಕ್ಕೆ ಇಳಿಯುತ್ತದೆ, ರ‍್ಯಾಮ್‌ಗೆ ಉಸಿರಾಡಲು ಪುರಸೊತ್ತು ಸಿಗುತ್ತದೆ. ಸೋತಿರುವ ಚಿಪ್ ಕೂಡ ಬಹುಪಾಲು ಸರಿ ಉತ್ತರ ಕೊಡುತ್ತದೆ. ಆ ಮೂರು ಎರರ್ ಯಾವ ಫೋಟೋ ಮೇಲೆ ಬೀಳುತ್ತವೋ ಯಾರಿಗೆ ಗೊತ್ತು.

ಅಡ್ರೆಸ್ ನೋಡಿ ಸ್ಟಿಕ್ ಹೇಳಲು ಆಗುವುದಿಲ್ಲ. ಎರಡು ಸ್ಟಿಕ್ ಒಟ್ಟಿಗೆ ಕೆಲಸ ಮಾಡುವ ಡ್ಯುಯಲ್ ಚಾನೆಲ್‌ನಲ್ಲಿ ಡೇಟಾ ಎರಡೂ ಸ್ಟಿಕ್‌ಗಳಿಗೆ ಹಂಚಿ ಹೋಗಿರುತ್ತದೆ. ಕೈಯಿಂದಲೇ ಬಿಡಿಸಿ ನೋಡಬೇಕು.

ಕಂಪ್ಯೂಟರ್ ಆಫ್ ಮಾಡಿ, ಹಿಂದಿನ ವೈರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಬಣ್ಣ ಬಳಿಯದ ಲೋಹವನ್ನು ಮುಟ್ಟಿ ಆಮೇಲೆ ಸ್ಟಿಕ್‌ಗೆ ಕೈ ಹಾಕಿ. ಅಂಚುಗಳಲ್ಲಷ್ಟೇ ಹಿಡಿಯಿರಿ. ಕೆಳಗಿನ ಚಿನ್ನದ ಬಣ್ಣದ ಪಟ್ಟಿ ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವವರು ಬಹಳ ಜನ ಇದ್ದಾರೆ. ನಾನು ಉಜ್ಜುವುದಿಲ್ಲ. ಚಿನ್ನದ ಲೇಪ ಬಹಳ ತೆಳು, ಜೊತೆಗೆ ರಬ್ಬರ್ ಪುಡಿ ಸ್ಲಾಟ್ ಒಳಗೆ ಸೇರುತ್ತದೆ.

ಈಗ ಒಂದೇ ಸ್ಟಿಕ್ ಹಾಕಿ. ನಾಲ್ಕು ಸ್ಲಾಟ್ ಇರುವ ಬೋರ್ಡ್ ಆದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೆ, ಸಾಮಾನ್ಯವಾಗಿ ಅದರ ಮೇಲೆ ಎ2 ಅಂತ ಇರುತ್ತದೆ. ಮ್ಯಾನುಯಲ್ ನೋಡಿ ಖಚಿತಪಡಿಸಿಕೊಳ್ಳಿ. ಎರಡೂ ತುದಿ ಸಮನಾಗಿ ಒತ್ತಿ. ಕೆಲವು ಬೋರ್ಡ್‌ಗಳಲ್ಲಿ ಒಂದೇ ಕಡೆ ಕ್ಲಿಪ್ ಇರುತ್ತದೆ. ಅಲ್ಲಿ ಕ್ಲಿಪ್ ಇಲ್ಲದ ತುದಿ ಅರ್ಧ ಮಾತ್ರ ಕೂತಿದ್ದರೂ ಮೇಲಿಂದ ಸರಿಯಾಗಿಯೇ ಕಾಣುತ್ತದೆ. ಪಕ್ಕದಿಂದ ಬಗ್ಗಿ ನೋಡಿ.

ಆ ಸ್ಟಿಕ್ ಪರೀಕ್ಷಿಸಿ. ಅದೇ ಸ್ಲಾಟ್‌ಗೆ ಇನ್ನೊಂದು ಹಾಕಿ ಪರೀಕ್ಷಿಸಿ. ಕೆಟ್ಟದ್ದು ಸಿಕ್ಕಿತು ಅನ್ನಿಸಿದರೂ ಅಲ್ಲಿಗೇ ನಿಲ್ಲಿಸಬೇಡಿ, ಬೇರೆ ಸ್ಲಾಟ್‌ಗೆ ಹಾಕಿ ನೋಡಿ. ಎರರ್ ಸ್ಟಿಕ್ ಹಿಂದೆ ಬಂದರೆ ಸ್ಟಿಕ್ ಕೆಟ್ಟಿದೆ. ಯಾವ ಸ್ಟಿಕ್ ಹಾಕಿದರೂ ಒಂದೇ ಸ್ಲಾಟ್‌ನಲ್ಲಿ ಬಂದರೆ ಬೋರ್ಡ್ ಅಥವಾ ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಮೇಲೆ ಅನುಮಾನ. ಒಂಟಿಯಾಗಿ ಎರಡೂ ಪಾಸ್, ಜೋಡಿಯಾಗಿ ಫೇಲ್ ಆದರೆ ವೇಗ, ವೋಲ್ಟೇಜ್ ಸೆಟ್ಟಿಂಗ್ ನೋಡಬೇಕು. ಪ್ರತಿ ಸಲ ಕನಿಷ್ಠ ನಾಲ್ಕು ಸುತ್ತು ಓಡಲು ಬಿಡಿ, ಎಕ್ಸ್‌ಎಂಪಿ ಆಫ್ ಇರಲಿ. ಮೂರು ನಾಲ್ಕು ದಿನ ಹಿಡಿಯಬಹುದು, ಗೊತ್ತು. ಆದರೆ ಅನುಮಾನದ ಮೇಲೆ ಬೋರ್ಡ್ ಬದಲಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಪ್ರಶ್ನೆ ಕೇಳಿದವರು

ನಾಲ್ಕು ದಿನ ಆಯಿತು. ಸಿಕ್ಕಿತು! ಸ್ಟಿಕ್‌ಗಳಿಗೆ ಚೀಟಿ ಅಂಟಿಸಿ 1, 2 ಅಂತ ಬರೆದುಕೊಂಡೆ. 1ನೆಯದು ಎ2ನಲ್ಲಿ ಸೊನ್ನೆ. 2ನೆಯದು ಎ2ನಲ್ಲಿ 5 ಎರರ್, ಬಿ2ನಲ್ಲಿ 4. ಎರಡೂ ಕಡೆ ಹೆಚ್ಚುಕಡಿಮೆ ಅದೇ ಅಡ್ರೆಸ್, ಬರಬೇಕಾದ್ದಕ್ಕೂ ಬಂದದ್ದಕ್ಕೂ ಅದೇ ಒಂದು ಬಿಟ್ ವ್ಯತ್ಯಾಸ. ಅದು ಕಂಡಾಗ ಎಷ್ಟು ಸಮಾಧಾನ ಆಯಿತು ಅಂದರೆ ಹೇಳಲು ಬರುವುದಿಲ್ಲ. 1ನೆಯದನ್ನು ಎಕ್ಸ್‌ಎಂಪಿ ಆನ್ ಮಾಡಿ ಮತ್ತೆ ಓಡಿಸಿದೆ. ಸೊನ್ನೆ.

ಉತ್ತರ

ಬಹಳ ಚೆನ್ನಾಗಿ ಮಾಡಿದ್ದೀರಿ. ಅದೇ ಬಿಟ್ ಎರಡು ಸ್ಲಾಟ್‌ನಲ್ಲೂ ಬಂದ ಮೇಲೆ ಅನುಮಾನಕ್ಕೆ ಜಾಗವಿಲ್ಲ. ಜೋಡಿ ಪ್ಯಾಕ್ ಆಗಿ ಕೊಂಡಿದ್ದರೆ ವಾರಂಟಿಗೆ ಎರಡನ್ನೂ ಕಳಿಸಬೇಕಾಗಬಹುದು. ಬಿಲ್ ಹುಡುಕಿಡಿ, ಎರರ್ ಪರದೆಯ ಫೋಟೋ ಇಟ್ಟುಕೊಳ್ಳಿ. ಬದಲಿ ಬಂದದ್ದನ್ನೂ ಹೀಗೇ ಪರೀಕ್ಷಿಸಿ, ಹೊಸದು ಅಂತ ಬಿಡಬೇಡಿ.

ಅಲ್ಲಿವರೆಗೆ ಒಂದೇ ಸ್ಟಿಕ್‌ನಲ್ಲಿ ನಡೆಸಿ. ವಿಂಡೋಸ್ ಹಾಕಿದ್ದು ಕೆಟ್ಟ ರ‍್ಯಾಮ್ ಇದ್ದಾಗ ಅಲ್ವಾ? ಅದನ್ನು ಮತ್ತೊಮ್ಮೆ ಹಾಕುವುದು ಒಳ್ಳೆಯದು. ಅರ್ಧ ಆದ ಬ್ಯಾಕಪ್ ಅಳಿಸಿ, ಮೂಲದಿಂದ ಹೊಸದಾಗಿ ಮಾಡಿ. ಈ ಹದಿನೈದು ದಿನದಲ್ಲಿ ಸೇವ್ ಮಾಡಿದ ಫೈಲ್‌ಗಳನ್ನು ಒಂದೊಂದಾಗಿ ತೆರೆದು ನೋಡಿ.

ಪ್ರಶ್ನೆ ಕೇಳಿದವರು

ವಿಂಡೋಸ್ ಹಾಕಿ ಎರಡು ದಿನ ಆಯಿತು, ನೀಲಿ ಪರದೆ ಇಲ್ಲ. ಜಿಪ್ ಫೈಲ್ ಎರಡು ಸಲ ಬಿಚ್ಚಿದೆ, ಒಂದೂ ಎರರ್ ಇಲ್ಲದೆ ಎಲ್ಲಾ ಫೋಟೋ ಬಂದವು. ಕೆಟ್ಟ ರ‍್ಯಾಮ್ ಇದ್ದಾಗ ಎಡಿಟ್ ಮಾಡಿ ಸೇವ್ ಮಾಡಿದ ಫೋಟೋಗಳಲ್ಲಿ ಎರಡು ಕೆಟ್ಟಿದ್ದವು, ಅರ್ಧದಿಂದ ಕೆಳಗೆ ಬೂದು ಬಣ್ಣ. ಎರಡರ ಮೂಲ ಫೋಟೋಗಳೂ ಹಳೆಯ ಬ್ಯಾಕಪ್‌ನಲ್ಲಿ ಸರಿಯಾಗಿ ಸಿಕ್ಕವು. ನೀವು ಹೇಳಿದಾಗ ನಿಲ್ಲಿಸದಿದ್ದರೆ ಅವುಗಳ ಮೇಲೂ ಬರೆದುಬಿಡುತ್ತಿದ್ದೆ. ತುಂಬಾ ಧನ್ಯವಾದ ಸರ್.