ಚಾಕುವಿನ ಅಲಗಿನ ಮೇಲೆ ಬಿದ್ದ ಗೀರುಗಳನ್ನು ತೆಗೆಯುವುದು ಹೇಗೆ?

ಪ್ರಶ್ನೆ (ಶ್ರೀನಿವಾಸಪುರ):
ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುವ ನಮ್ಮ ಮನೆಯ ದೊಡ್ಡ ಚಾಕುವನ್ನು ಈಚೆಗೆ ಸಾಣೆ ಹಿಡಿಸಿದೆವು. ಬಾಯಿ ಚೆನ್ನಾಗಿ ಹರಿತವಾಗಿದೆ. ಆದರೆ ಸಾಣೆಚಕ್ರ ಅಲಗಿನ ಬದಿಗೂ ತಗುಲಿ, ಹಿಡಿಯ ಹತ್ತಿರದಿಂದ ಅಲಗಿನ ನಡುವಿನವರೆಗೆ ಓರೆಯಾದ ಗೀರುಗಳು ಬಿದ್ದಿವೆ. ಚಾಕು ಸ್ಟೇನ್‌ಲೆಸ್ ಸ್ಟೀಲಿನದು. ಉಗುರು ಆಡಿಸಿದರೆ ಎರಡು ಮೂರು ಗೀರುಗಳು ತಡೆಯುತ್ತವೆ, ಉಳಿದವು ಕಣ್ಣಿಗೆ ಮಾತ್ರ ಕಾಣುತ್ತವೆ. ಹರಿತ ಕೆಡದಂತೆ ಇವನ್ನು ಮನೆಯಲ್ಲೇ ತೆಗೆಯಬಹುದೇ? ಪಾಲಿಷ್ ಹಚ್ಚಿ ಉಜ್ಜಿದರೆ ಸಾಕೇ?

ಉತ್ತರ (ತುಮಕೂರು):
ಪಾಲಿಷ್ ಒಂದೇ ಸಾಲದು. ಗೀರು ಬಿದ್ದಲ್ಲಿ ಲೋಹವೇ ಹೋಗಿರುವುದರಿಂದ, ಸುತ್ತಲಿನ ಲೋಹವನ್ನು ಗೀರಿನ ತಳದ ಮಟ್ಟಕ್ಕೆ ಇಳಿಸುವುದಲ್ಲದೆ ಬೇರೆ ದಾರಿಯಿಲ್ಲ.

ಹಾರ್ಡ್‌ವೇರ್ ಅಂಗಡಿಯಲ್ಲಿ ವಾಟರ್ ಪೇಪರ್ ಎಂದು ಕೇಳಿ 400, 600, 1000 ಮತ್ತು 1500 ನಂಬರಿನ ಹಾಳೆಗಳನ್ನು ತನ್ನಿ. ಚಾಕುವಿನ ಬಾಯಿಗೆ ದಪ್ಪ ಟೇಪು ಅಂಟಿಸಿ, ಬಾಯಿ ಅಂಚಿನಿಂದಾಚೆ ಚಾಚದಂತೆ ಅಲಗನ್ನು ಸಮತಟ್ಟಾದ ಹಲಗೆಯ ಮೇಲೆ ಅಲುಗಾಡದಂತೆ ಬಿಗಿದಿಡಿ. ಹಾಳೆಯನ್ನು ಸಣ್ಣ ಮರದ ತುಂಡಿಗೆ ಸುತ್ತಿಕೊಂಡೇ ಉಜ್ಜಬೇಕು. ಬೆರಳಿನಿಂದ ಒತ್ತಿದರೆ ಗೀರಿದ್ದ ಕಡೆ ತಗ್ಗು ಬೀಳುತ್ತದೆ. ಸೋಪು ಬೆರೆಸಿದ ನೀರು ಹಾಕುತ್ತಾ, 400ರ ಹಾಳೆಯಿಂದ ಹಳೆಯ ಗೀರುಗಳಿಗೆ ಅಡ್ಡವಾಗಿ ಉಜ್ಜಿ. ಆಗಾಗ ಬೂದುಬಣ್ಣದ ಕೆಸರನ್ನು ಒರೆಸಿ, ಟ್ಯೂಬ್‌ಲೈಟಿನ ಕೆಳಗೆ ಅಲಗನ್ನು ವಾಲಿಸಿ ನೋಡಿದರೆ, ಹೊಸ ಗೆರೆಗಳ ನಡುವೆ ಹಳೆಯ ಓರೆಗೆರೆ ಇನ್ನೂ ಉಳಿದಿದೆಯೇ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಅದು ಪೂರ್ತಿ ಹೋಗುವವರೆಗೆ ಮುಂದಿನ ನಂಬರಿಗೆ ಹೋಗಬೇಡಿ, ಏಕೆಂದರೆ ಸುತ್ತಲಿನ ಭಾಗ ನುಣುಪಾದಷ್ಟೂ ಉಳಿದ ಗೀರು ಎದ್ದು ಕಾಣುತ್ತದೆ. ನಂಬರು ಬದಲಿಸಿದಾಗಲೆಲ್ಲ ಉಜ್ಜುವ ದಿಕ್ಕನ್ನೂ ಬದಲಿಸಿ. ಕೊನೆಗೆ 1500ರ ಹಾಳೆಯನ್ನು ಹಿಡಿಯಿಂದ ತುದಿಯ ಕಡೆಗೆ, ಒಂದೇ ದಿಕ್ಕಿನಲ್ಲಿ ನೇರವಾಗಿ ಎಳೆಯಿರಿ.

ಉಗುರಿಗೆ ತಡೆಯುವ ಆ ಎರಡು ಮೂರು ಗೀರುಗಳು ಮಸುಕಾಗಿ ಉಳಿದರೆ ಉಳಿಯಲಿ. ಅವುಗಳಿಗಾಗಿ ಅಲಗನ್ನು ತೆಳುವಾಗಿಸುವುದು ನನಗೆ ಸರಿಯೆನಿಸುವುದಿಲ್ಲ.

ಉತ್ತರ (ಚಿಂತಾಮಣಿ):
ಮೇಲಿನ ವಿಧಾನವೇ ಸರಿ. ಅಲಗಿನ ಮೇಲೆ ಅಚ್ಚಾಗಿರುವ ಕಂಪನಿಯ ಹೆಸರು ಉಜ್ಜಿದರೆ ಅಳಿಸಿಹೋಗಬಹುದು. ಬೇಕಿದ್ದರೆ ಅಲ್ಲಿಗೂ ಟೇಪು ಹಾಕಿ. ಸ್ಟೇನ್‌ಲೆಸ್ ಅಲ್ಲದ, ತುಕ್ಕು ಹಿಡಿಯುವ ಉಕ್ಕಿನ ಚಾಕು ಇರುವವರು ಇನ್ನಷ್ಟು ಎಚ್ಚರ ವಹಿಸಬೇಕು. ಹೊಸದಾಗಿ ಉಜ್ಜಿದ ಅಂಥ ಅಲಗು ಮಾವಿನಕಾಯಿಯ ಹುಳಿಗೆ ಬೇಗ ಕಪ್ಪಾಗುವುದರಿಂದ, ಕೆಲಸ ಮುಗಿದ ಕೂಡಲೇ ತೊಳೆದು, ಒರೆಸಿ, ತೆಳುವಾಗಿ ಕೊಬ್ಬರಿ ಎಣ್ಣೆ ಸವರಿಡುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು (ಶ್ರೀನಿವಾಸಪುರ):
ಇಬ್ಬರಿಗೂ ಧನ್ಯವಾದಗಳು. ಪರಿಚಯದ ವೆಲ್ಡಿಂಗ್ ಅಂಗಡಿಯವರು ಗ್ರೈಂಡರಿಗೆ ಬಫ್ ಚಕ್ರ ಹಾಕಿ ಎರಡೇ ನಿಮಿಷದಲ್ಲಿ ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ. ಕೊಡಬಹುದೇ?

ಉತ್ತರ (ತುಮಕೂರು):
ದಯವಿಟ್ಟು ಬೇಡ. ತಿರುಗುವ ಚಕ್ರಕ್ಕೆ ಚಾಕುವಿನ ಬಾಯಿ ಸಿಕ್ಕಿಕೊಂಡರೆ ಚಾಕು ಕೈಯಿಂದ ಹಾರಿಹೋಗುತ್ತದೆ. ಅದು ಹಾಗಿರಲಿ, ಬಾಯಿಯ ಹತ್ತಿರ ಲೋಹ ಬಹಳ ತೆಳುವಾಗಿರುವುದರಿಂದ ಅಲ್ಲಿ ಕ್ಷಣದಲ್ಲೇ ಶಾಖ ಏರಿ, ಉಕ್ಕಿಗೆ ಕೊಟ್ಟ ಹದ ಬಿಟ್ಟುಹೋಗಬಹುದು. ಹಾಗೆ ಕಾದು ನೀಲಿ ತಿರುಗಿದ ಬಾಯಿಯಲ್ಲಿ, ಮತ್ತೆ ಸಾಣೆ ಹಿಡಿಸಿದರೂ ಹರಿತ ಹೆಚ್ಚು ದಿನ ನಿಲ್ಲುವುದಿಲ್ಲ.